ಬರುವ ನೀರು, ಹೋಗುವ ನೀರು: ಕುಶಾಲನಗರದ ಹೊಳೆದಂಡೆಯೋ, ಹಾರಂಗಿ ಹಿನ್ನೀರೋ?

ಕೊಡಗಿನಲ್ಲಿ ನೀರಿನ ಬದಿ ಮನೆ ಮಾಡುವುದಾದರೆ ಎಲ್ಲಿ ಅನ್ನುವ ಪ್ರಶ್ನೆಗೆ ಮೊದಲೇ ಹೇಳಿಬಿಡುತ್ತೇನೆ, ನಾನು ಹಾರಂಗಿ ಜಲಾಶಯದ ಹಿನ್ನೀರಿನ ಕಡೆಯವನು. ಹೇರೂರಿನ ಬಳಿ ಒಂದು ಹಳೇ ಹೆಂಚಿನ ಮನೆ, ಅದರ ಸುತ್ತ ಮುಕ್ಕಾಲು ಎಕರೆ ಕಾಫಿ ಕೊಂಡು ಕೂತಿದ್ದೇನೆ. ಹಾಗಾಗಿ ತಕ್ಕಡಿ ಒಂದು ಕಡೆ ವಾಲಿದ ಹಾಗೆ ಕಂಡರೆ ಅದು ನಿಮ್ಮ ಕಣ್ಣಿನ ತಪ್ಪಲ್ಲ. ಇದಕ್ಕೆ ಮುಂಚೆ ಕುಶಾಲನಗರದ ಹೊಳೆದಂಡೆಯ ಬಡಾವಣೆಯೊಂದಕ್ಕೆ ಮುಂಗಡ ಕೊಟ್ಟು ಕೈ ಸುಟ್ಟುಕೊಂಡಿದ್ದೇನೆ. ಚಿಕ್ಲಿಹೊಳೆ, ಸಿದ್ದಾಪುರದ ಕಡೆಯೂ ಅಲೆದಿದ್ದೇನೆ.

ಐವತ್ತೊಂದಕ್ಕೆ ಬ್ಯಾಂಕಿನ ಕೆಲಸ ಬಿಟ್ಟೆ. ಹುಟ್ಟಿದ್ದು ಸೋಮವಾರಪೇಟೆ ಕಡೆ, ದುಡಿದದ್ದೆಲ್ಲ ಮೈಸೂರಿನಲ್ಲಿ. ಆಸೆ ಇದ್ದದ್ದು ಒಂದೇ: ಬೆಳಿಗ್ಗೆ ಐದಕ್ಕೆ ಎದ್ದು, ಒಂದು ಲೋಟ ಕಾಫಿ ಕುಡಿದು, ಮನೆಯಿಂದ ನಡೆದುಕೊಂಡೇ ಹೋಗಿ ದೋಣಿ ಹತ್ತಬೇಕು. ಗೆಳೆಯರು ಕೇರಳದ ಕಾಯಲು, ಅಂದರೆ ಕಡಲ ಹಿನ್ನೀರು, ನೋಡು ಅಂದರು. ಆ ಸೆಕೆ ನನಗಾಗದು. ಕೈಯಲ್ಲಿದ್ದದ್ದು 60 ಲಕ್ಷ. ಅದರಲ್ಲಿ ಹತ್ತು ಲಕ್ಷ ಮುಟ್ಟುವ ಹಾಗಿಲ್ಲ ಅಂತ ಹೆಂಡತಿಯ ಕಟ್ಟಪ್ಪಣೆ.

ಮೊದಲು ಕುಶಾಲನಗರ. ಆ ಬಡಾವಣೆಯನ್ನು ನಾನು ನೋಡಿದ್ದು 2023ರ ಜನವರಿಯಲ್ಲಿ. ಜನವರಿಯ ಕಾವೇರಿಯನ್ನು ನೋಡಿ ಯಾರೂ ಜಾಗ ಕೊಳ್ಳಬಾರದು. ದಡದ ಬಿದಿರು, ತಿಳಿನೀರು, ಹೆಣ್ಣುಮಕ್ಕಳ ಹಾಗೆ ಪಿಸುಗುಟ್ಟಿಕೊಂಡು ಹರಿಯುವ ಹೊಳೆ, ಅದರ ಮೇಲೊಂದು ಮಿಂಚುಳ್ಳಿ ಬೇರೆ. ಬಣ್ಣದ ಕಾಗದದಲ್ಲಿ ಕ್ಲಬ್ ಹೌಸು, ಬೋಟ್ ಜೆಟ್ಟಿ ಎಲ್ಲ ಅಚ್ಚಾಗಿತ್ತು. "ಮನೆ ಮುಂದೆಯೇ ದೋಣಿ ಕಟ್ಟಬಹುದು ಸಾರ್" ಅಂದ ಬ್ರೋಕರ್. 30-40 ಸೈಟಿಗೆ 36 ಲಕ್ಷ. ಎರಡು ಲಕ್ಷ ಮುಂಗಡ ಕೊಟ್ಟು ಬಂದೆ. ಜೆಟ್ಟಿ ಅಂದರೆ ನಾಲ್ಕು ಸಿಮೆಂಟು ಮೆಟ್ಟಿಲು, ಅಲ್ಲಿ ಒಬ್ಬರು ಬಟ್ಟೆ ಒಗೆಯುತ್ತಿದ್ದರು. ಅದನ್ನು ನೋಡಿಯೂ ಕೊಟ್ಟೆ.

ಕಣ್ಣು ತೆರೆಸಿದ್ದು ಪಕ್ಕದ ಹಳೇ ಬಡಾವಣೆಯ ಅಜ್ಜಿ. ಜೂನಿನಲ್ಲಿ ಸೈಟು ಅಳೆಯಲು ಹೋಗಿದ್ದಾಗ ಮಳೆ ಬಂತು, ಅವರ ಜಗಲಿಯಲ್ಲಿ ನಿಂತೆ. ಮಾತಿಗೆ ಮಾತು ಬಂದು ಒಳಗೆ ಕರೆದು ಮರದ ಬೀರು ತೋರಿಸಿದರು. ಕೆಳಗಿನ ಅರ್ಧ ಊದಿಕೊಂಡು ಪದರು ಪದರಾಗಿ ಬಿಟ್ಟಿತ್ತು, ಮೇಲಿನ ಅರ್ಧ ಹೊಸದರ ಹಾಗಿತ್ತು. ನಡುವೆ ನೂಲು ಹಿಡಿದು ಎಳೆದಂಥ ಗೆರೆ, ನನ್ನ ಸೊಂಟದಿಂದ ಒಂದು ಗೇಣು ಮೇಲೆ. "ಅಲ್ಲಿವರೆಗೆ ಬಂದಿತ್ತು ಮಗಾ, ಒಂದು ಸಲ ಅಲ್ಲ" ಅಂದರು. 2018ರ ಆಗಸ್ಟ್, ಮತ್ತೆ 2019ರ ಆಗಸ್ಟ್. ಈಗ ಜುಲೈ ಬಂತೆಂದರೆ ಅಕ್ಕಿ ಮೂಟೆ, ಗ್ಯಾಸ್ ಸಿಲಿಂಡರ್, ಮನೆಯ ಕಾಗದಪತ್ರ ಮೂರೂ ಅಟ್ಟಕ್ಕೆ ಏರುತ್ತವಂತೆ. ಕ್ಯಾಲೆಂಡರಿನಲ್ಲಿ ಹಬ್ಬ ಗುರುತು ಹಾಕುವ ಹಾಗೆ ಗುರುತು ಹಾಕಿಕೊಂಡಿದ್ದರು.

ಆ ಎರಡು ವರ್ಷ ಕುಶಾಲನಗರದ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿದ್ದು ಪೇಪರಿನಲ್ಲೆಲ್ಲ ಬಂದಿತ್ತು. ಮೈಸೂರಿನಲ್ಲಿ ಕೂತು ನಾನೂ ಓದಿದ್ದೆ, ಮರೆತಿದ್ದೆ. ಊರಿನವರ ಲೆಕ್ಕ ಹೀಗಿದೆ: ಮೇಲೆ ತಲಕಾವೇರಿ, ಭಾಗಮಂಡಲದ ಕಡೆ ಮಳೆ ಜಡಿದರೆ ಕಾವೇರಿ ತುಂಬಿ ಬರುತ್ತಾಳೆ. ಅದೇ ಹೊತ್ತಿಗೆ ಹಾರಂಗಿಯ ಗೇಟೂ ತೆಗೆದರೆ, ಮುಂದೆ ಕೂಡಿಗೆಯಲ್ಲಿ ಎರಡೂ ಸೇರುವಲ್ಲಿ ಕಾವೇರಿಗೆ ದಾರಿ ಸಾಲದೆ ನೀರು ಹಿಂದಕ್ಕೆ ಒತ್ತುತ್ತದೆ. ಕುಶಾಲನಗರದಲ್ಲಿ ಬಿದ್ದ ಮಳೆ ಲೆಕ್ಕಕ್ಕೇ ಇಲ್ಲ. ನಿಮ್ಮ ಅಂಗಳದಲ್ಲಿ ಬಿಸಿಲಿದ್ದರೂ ಸಂಜೆಗೆ ನೀರು ಹೊಸಿಲಲ್ಲಿ ನಿಂತಿರಬಹುದು. ಬೋಟಿಂಗ್ ಸೌಲಭ್ಯ ಅಂದಿದ್ದು ಸುಳ್ಳೇನಲ್ಲ ಬಿಡಿ. ಆ ಬೀದಿಗಳಲ್ಲಿ ರಬ್ಬರ್ ದೋಣಿ ಓಡಾಡಿದೆ, ಜನರನ್ನು ಮನೆಯಿಂದ ಹೊರಗೆ ತರಲಿಕ್ಕೆ.

ಮುಂಗಡ ವಾಪಸ್ ಕೇಳಿದೆ. ಎಂಟು ತಿಂಗಳು ಅಲೆದ ಮೇಲೆ ಒಂದೂಕಾಲು ಲಕ್ಷ ಬಂತು. ಉಳಿದ ಮುಕ್ಕಾಲು ಲಕ್ಷ ಅಜ್ಜಿಯ ಬೀರು ನೋಡಿದ ಫೀಸು ಅಂದುಕೊಂಡಿದ್ದೇನೆ.

ನೆರೆಯ ಮಾತು ಬದಿಗಿಡಿ, ದೋಣಿಯ ಲೆಕ್ಕದಲ್ಲೂ ಹೊಳೆ ನನಗೆ ಹೊಂದಲಿಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಕೆಂಪು ನೀರಿನ ರಭಸ, ದುಬಾರೆಯಲ್ಲಿ ರಾಫ್ಟಿಂಗ್ ಮಾಡುವ ಹುಡುಗರಿಗೆ ಸರಿ, ನನ್ನ ಮೊಣಕಾಲಿಗಲ್ಲ. ಬೇಸಿಗೆಯಲ್ಲಿ ಬಂಡೆ ಮೇಲೇಳುತ್ತವೆ. ಮಳೆಗಾಲದಲ್ಲಿ ದೋಣಿ ಇಲ್ಲದೆ ದಾಟಲಾಗದ ದುಬಾರೆಯ ಹೊಳೆಯನ್ನು ಬಿರುಬೇಸಿಗೆಯಲ್ಲಿ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟಿದವರು ಎಷ್ಟೋ ಜನ. ಇವೆರಡರ ನಡುವೆ ಉಳಿಯುವುದು ನಾಲ್ಕೋ ಐದೋ ತಿಂಗಳು.

ಚಿಕ್ಲಿಹೊಳೆ ಜಲಾಶಯ ನೋಡಲು ಚಂದ. ತುಂಬಿದ ನೀರು ಆ ಅರ್ಧಚಂದ್ರದ ಕಟ್ಟೆಯ ಮೇಲಿಂದ ಇಳಿಯುವುದನ್ನು ಎಷ್ಟು ಸಲ ನೋಡಿದರೂ ಸಾಲದು. ಆದರೆ ಕೆರೆಗಿಂತ ಸ್ವಲ್ಪ ದೊಡ್ಡದು ಅಷ್ಟೆ, ಪಕ್ಕದಲ್ಲೇ ಕಾಡು, ರಜೆ ಬಂದರೆ ಸೆಲ್ಫಿಯ ಜಾತ್ರೆ. ಸಿದ್ದಾಪುರದ ಕಡೆ ಹೊಳೆಬದಿಯ ತೋಟ ಕೇಳಿದೆ. ದರ ಕೇಳಿ ಸುಮ್ಮನಾದೆ. 2019ರ ನೆರೆಯಲ್ಲಿ ಅಲ್ಲಿನ ಕರಡಿಗೋಡು, ನೆಲ್ಯಹುದಿಕೇರಿಗೆ ಆದದ್ದು ಗೊತ್ತಿದ್ದ ಮೇಲೆ ದರ ಕಡಿಮೆ ಇದ್ದರೂ ಮನಸ್ಸು ಬರುತ್ತಿರಲಿಲ್ಲ.

ಇನ್ನು ನನ್ನ ಹಿನ್ನೀರು. ಜಲಾಶಯಕ್ಕೊಂದು ಅಂಕೆ ಇದೆ, ಹೊಳೆಗಿಲ್ಲ. ನಾನು ಸೋತದ್ದು ಈ ಒಂದು ಮಾತಿಗೆ. ಹಾರಂಗಿಯ ಗರಿಷ್ಠ ಮಟ್ಟ 2859 ಅಡಿ, ತುಂಬಿದರೆ 8.5 ಟಿಎಂಸಿ. ಅದರಾಚೆ ಏರದ ಹಾಗೆ ಗೇಟು ತೆಗೆಯುತ್ತಾರೆ. ಮುಳುಗಡೆಗೆಂದು ತೆಗೆದುಕೊಂಡ ಜಮೀನಿನ ಅಂಚಿಗೆ ಗಡಿಕಲ್ಲು ಇದೆ. ಸರ್ವೆಯವರನ್ನು ಕರೆಸಿ ಅಳೆಸಿದೆ, ನನ್ನ ಜಗಲಿ ಆ ಕಲ್ಲಿಗಿಂತ 26 ಅಡಿ ಮೇಲಿದೆ. ಕೆಳಗಿನವರ ನಿದ್ದೆ ಕೆಡಿಸುವ ಗೇಟೇ ನನ್ನ ನಿದ್ದೆ ಕಾಯುತ್ತದೆ. ಇದು ಸರಿಯಾದ ನ್ಯಾಯವೇನಲ್ಲ, ಆದರೆ ಇರುವುದು ಹಾಗೆ. ಎತ್ತರದ ಜಾಗ ಅಂದಮೇಲೆ ಬೇರೆ ಭಯ ಇದೆ: ಹಿಂದಿನ ಗುಡ್ಡವನ್ನು ಜೆಸಿಬಿಯಲ್ಲಿ ಕಡಿದು ಮಟ್ಟ ಮಾಡಿದ ಮನೆ ಎಷ್ಟೇ ಚಂದ ಇರಲಿ, 2018ರ ಗುಡ್ಡ ಕುಸಿತ ಕಂಡ ಮೇಲೆ ಕೊಡಗಿನಲ್ಲಿ ಅದನ್ನು ಕೊಳ್ಳಬೇಡಿ. ನನ್ನದು ಹಳೇ ಕಾಲದವರು ಇದ್ದ ನೆಲಕ್ಕೆ ಹೊಂದಿಸಿ ಕಟ್ಟಿದ ಮನೆ. ಎಲ್ಲ ಸೇರಿ 48 ಲಕ್ಷ.

ಕೊಳ್ಳುವ ಮುಂಚೆ ಹತ್ತಿರದಲ್ಲೇ ಒಂದು ಮನೆ ಬಾಡಿಗೆ ಹಿಡಿದು ವರ್ಷ ಕಳೆದೆವು. 2023ರ ನವೆಂಬರಿನಲ್ಲಿ ಹೋದಾಗ ಅಂಗಳದ ಗೇಟಿನಿಂದ ನೀರಿಗೆ 90 ಹೆಜ್ಜೆ. ಎಣಿಸುವ ಚಟ ಬ್ಯಾಂಕಿನಿಂದ ಬಂದದ್ದು. ಆ ವರ್ಷ ಮಳೆಗಾಲ ಕೈಕೊಟ್ಟಿತ್ತು, ಆದರೂ ನೀರು ಹತ್ತಿರವೇ ಕಂಡಿತು. ಡಿಸೆಂಬರಿನಲ್ಲಿ 150. ಜನವರಿ ಕೊನೆಗೆ 260. "ನಿಮ್ಮ ದೋಣಿ ಮನೆ ಬಿಟ್ಟು ಹೋಗ್ತಾ ಇದೆ ನೋಡ್ರಿ" ಅಂತ ಹೆಂಡತಿ ನಗುತ್ತಿದ್ದಳು. 2024ರ ಏಪ್ರಿಲಿನಲ್ಲಿ 640.

ಆರುನೂರ ನಲವತ್ತು ಹೆಜ್ಜೆ ನಡೆಯುವುದು ಕಷ್ಟವಲ್ಲ, ದಿನಾ ವಾಕಿಂಗ್ ಅದಕ್ಕಿಂತ ಹೆಚ್ಚು ಮಾಡುತ್ತೇನೆ. ಕಷ್ಟ ಇರುವುದು ಕೊನೆಯ ನೂರು ಹೆಜ್ಜೆಯಲ್ಲಿ. ಮೇಲ್ಗಡೆ ನೆಲ ಒಣಗಿ ಹಪ್ಪಳದ ಹಾಗೆ ಬಿರಿದಿರುತ್ತದೆ, ಆಮೇಲೆ ಸ್ವಲ್ಪ ದೂರ ಹಸಿ ಹುಲ್ಲು, ಆಮೇಲೆ ನೋಡಲು ಗಟ್ಟಿಯಾಗಿ ಹೊಳೆಯುವ ಕೆಸರು. ಮೊದಲ ದಿನ ಫ್ಲಾಸ್ಕು, ಛತ್ರಿ ಹಿಡಿದು ರಾಜಗಾಂಭೀರ್ಯದಲ್ಲಿ ಇಳಿದೆ. ಮೂರನೇ ಹೆಜ್ಜೆಗೆ ಮೊಣಕಾಲಿನವರೆಗೆ ಹೂತೆ. ಒಂದು ಕಾಲು ಎಳೆದರೆ ಇನ್ನೊಂದು ಇಳಿಯುತ್ತದೆ. ಬಲಗಾಲಿನ ಚಪ್ಪಲಿ ಇವತ್ತಿಗೂ ಹಾರಂಗಿಯ ಹೊಟ್ಟೆಯಲ್ಲಿದೆ. ಛತ್ರಿಯನ್ನು ಅಡ್ಡ ಮಲಗಿಸಿ, ಅದರ ಮೇಲೆ ಎದೆ ಊರಿ, ಹೊಟ್ಟೆಯ ಮೇಲೆ ತೆವಳಿ ಹೊರಗೆ ಬಂದೆ. ದೂರದಲ್ಲಿ ಮೀನಿನ ಬಲೆ ಬಿಡಿಸುತ್ತಿದ್ದ ಅಣ್ಣ ಒಬ್ಬರು ಇದನ್ನೆಲ್ಲ ನೋಡಿ, ನಾನು ಎದ್ದು ನಿಂತ ಮೇಲೆ, "ಸಾರ್, ಫ್ಲಾಸ್ಕಿನಲ್ಲಿ ಇನ್ನೂ ಟೀ ಉಂಟಾ?" ಅಂತ ಕೇಳಿದರು.

ಆ ಕೆಸರು ಅಷ್ಟು ಆಳ ಯಾಕೆ ಅಂತ ವಿವರಿಸಿದ್ದೂ ಅವರೇ. 2018ರಲ್ಲಿ ಗುಡ್ಡಗಳು ಜರಿದವಲ್ಲ, ಆ ಮಣ್ಣು ಹಟ್ಟಿಹೊಳೆ, ಮಾದಾಪುರದ ಹೊಳೆ ಹಿಡಿದು ಕೊನೆಗೆ ಬಂದು ಕೂತದ್ದು ಈ ಹಿನ್ನೀರಿನಲ್ಲೇ. ಅಂದರೆ ನನ್ನ ಚಪ್ಪಲಿ ನುಂಗಿದ್ದು ಯಾರದೋ ತೋಟದ ಮೇಲ್ಮಣ್ಣು. ಆಮೇಲೆ ನಗಲಿಕ್ಕೆ ಮನಸ್ಸಾಗಲಿಲ್ಲ.

ಉಪಾಯ ಕಲಿಸಿದ್ದೂ ಅವರೇ: ದನ ನಡೆದ ಜಾಡು ಹಿಡಿಯಬೇಕು. ನೀರು ಕುಡಿಯಲು ಹೋಗುವ ದನ ಗಟ್ಟಿ ನೆಲ ಬಿಟ್ಟು ಹೆಜ್ಜೆ ಇಡುವುದಿಲ್ಲ. ಹಳೇ ಗದ್ದೆಯ ಬದು ಎದ್ದಿದ್ದರೆ ಅದರ ಮೇಲೆ ನಡೆಯಬಹುದು. ಹುಲ್ಲು ಮುಗಿಯುವಲ್ಲಿ ಎರಡು ಸಿಲ್ವರ್ ಓಕ್ ಹಲಗೆ ಹಾಕಿಟ್ಟು, ವಾರಕ್ಕೊಮ್ಮೆ ಅವನ್ನು ಕೆಳಕ್ಕೆ ಸರಿಸುತ್ತ ಹೋಗಬೇಕು. ಹಾಗೆ ಮಾಡಿದ ಮೇಲೆ ಮತ್ತೆ ಹೂತಿಲ್ಲ. ಆದರೆ ಕಾಲು ತೊಳೆಯದೆ ಜಗಲಿ ಹತ್ತಿದ ದಿನ ಮನೆಯಲ್ಲಿ ಮಾತು ಕೇಳಬೇಕಾಗುತ್ತದೆ. ಮಾರ್ಚಿನಿಂದ ಜೂನಿನವರೆಗೆ, ನಾಲ್ಕು ತಿಂಗಳು, ಇದು ದಿನದ ಪಾಡು. ಹಿನ್ನೀರಿನ ಬದಿಯ ಮನೆ ತೋರಿಸುವ ಯಾವ ಬ್ರೋಕರನೂ ನಿಮ್ಮನ್ನು ಏಪ್ರಿಲಿನಲ್ಲಿ ಕರೆದುಕೊಂಡು ಹೋಗುವುದಿಲ್ಲ. ನೀವೇ ಹೋಗಿ.

ಜುಲೈ ಬಂತು, ಮಳೆ ಜಡಿಯಿತು, ಗೇಟು ತೆಗೆದರು, ನೀರು ತಾನಾಗಿ ಮೇಲೆ ನಡೆದುಬಂದು ಗಡಿಕಲ್ಲಿನ ಕೆಳಗೆ ನಿಂತಿತು. ಅಲ್ಲೇ ನಿಂತಿತು.

ದೋಣಿಯ ವಿಷಯಕ್ಕೆ ಬರುತ್ತೇನೆ. 22 ಸಾವಿರ ಕೊಟ್ಟು ಗಾಳಿ ತುಂಬುವ ದೋಣಿ ತರಿಸಿದ್ದೆ, ಕೇಳುವ ಮುಂಚೆಯೇ. ಜಲಾಶಯದ ನೀರು ನಿಮ್ಮ ಮನೆಯ ಕೆರೆಯಲ್ಲ, ಬರೆದು ಅನುಮತಿ ಕೇಳಿ ಅಂದರು ಕಚೇರಿಯವರು. ಬರೆದೆ. ನನ್ನ ಅರ್ಜಿ ಮೇಜಿನಿಂದ ಮೇಜಿಗೆ ಪ್ರಯಾಣ ಮಾಡುತ್ತಿದೆ, ದೋಣಿ ಅಟ್ಟದಲ್ಲಿದೆ. ಅಲ್ಲಿವರೆಗೆ ಆ ಬಲೆಯ ಅಣ್ಣನ ತೆಪ್ಪದಲ್ಲಿ ಕೂರುತ್ತೇನೆ, ಬೆಳಿಗ್ಗೆ ಬಲೆ ಎತ್ತುವ ಹೊತ್ತಿಗೆ. ಹಣ ಕೊಟ್ಟರೆ ತೆಗೆದುಕೊಳ್ಳುವುದಿಲ್ಲ, ಟೀ ಕೊಟ್ಟರೆ ಬಿಡುವುದಿಲ್ಲ. ಹುಟ್ಟು ಹಾಕಲು ಕಲಿಸುತ್ತಿದ್ದಾರೆ. ಮೊದಲ ಹದಿನೈದು ದಿನ ತೆಪ್ಪ ಬೀಸುವ ಕಲ್ಲಿನ ಹಾಗೆ ಇದ್ದಲ್ಲೇ ತಿರುಗಿತು. ಹುಟ್ಟನ್ನು ಮುಂದೆ ಹಾಕಿ ಎಂಟರ ಅಂಕೆ ಬರೆದ ಹಾಗೆ ಎಳೆಯಬೇಕಂತೆ. ಈಗ ಹೋಗಬೇಕಾದ ದಿಕ್ಕಿಗೆ ಹೆಚ್ಚುಕಡಿಮೆ ಹೋಗುತ್ತದೆ.

ಉಳಿದವು ಚುಟುಕಾಗಿ. ಆನೆ: ಎರಡೂ ಕಡೆ ಇದೆ ಅನ್ನಬೇಡಿ, ನಮ್ಮ ಕಡೆಯೇ ಹೆಚ್ಚು. ಹಲಸು ಹಣ್ಣಾಗುವ ಮುಂಚೆ ಇಳಿಸಿಬಿಡುತ್ತೇವೆ, ಬೆಳಕು ಹರಿಯದೆ ಗೇಟು ದಾಟುವುದಿಲ್ಲ. ನನ್ನ ಐದು ಗಂಟೆಯ ಕನಸು ಆರೂವರೆಗೆ ಜಾರಿದೆ. ಸಂತೆ: ಮಂಗಳವಾರ ಕುಶಾಲನಗರಕ್ಕೇ ಹೋಗಬೇಕು, ಇದರಲ್ಲಿ ಹೊಳೆದಂಡೆಯವರೇ ಗೆದ್ದರು. ಆಸ್ಪತ್ರೆ: ದೊಡ್ಡ ಕಾಯಿಲೆಗೆ ಇಬ್ಬರಿಗೂ ಮೈಸೂರೇ ಗತಿ, ರೈಲಂತೂ ಜಿಲ್ಲೆಯಲ್ಲೇ ಇಲ್ಲ. ಫೋನು: ಜಗಲಿಯ ಎಡತುದಿಯಲ್ಲಿ ನಿಂತರೆ ಸಿಗುತ್ತದೆ. ಅಕ್ಕಪಕ್ಕ: ಬಡಾವಣೆಯಲ್ಲಿ ವಾರವಿಡೀ ಬೀಗ, ಶನಿವಾರ ಡಿಜೆ. ಇಲ್ಲಿ ಒಂದು ದಿನ ನಾನು ಕಾಣದಿದ್ದರೆ ಪಕ್ಕದ ತೋಟದ ರೈಟರ್, ಅಂದರೆ ಲೆಕ್ಕ ಬರೆಯುವವರು, ಬಂದು ವಿಚಾರಿಸುತ್ತಾರೆ.

ಕಾಗದಪತ್ರಕ್ಕೆ ಮಾತ್ರ ಅವಸರ ಬೇಡ. 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು, ನಿಜ. ಆದರೆ ಕೊಡಗಿನಲ್ಲಿ ಜಮ್ಮ (ವಂಶಪಾರಂಪರ್ಯದ ಹಿಡುವಳಿ), ಬಾಣೆ (ಗದ್ದೆಗೆ ಸೇರಿದ ಮೇಲಿನ ಕಾಡುಜಾಗ) ಅಂತ ಬೇರೆ ಲೋಕವೇ ಇದೆ. ಆರ್‌ಟಿಸಿಯಲ್ಲಿ ಒಂದೇ ಕುಟುಂಬದ ಹತ್ತಾರು ಹೆಸರು ಕಂಡರೆ ಅವರೆಲ್ಲರ ಸಹಿ ಸಿಗುವವರೆಗೆ ಮುಂಗಡ ಕೊಡಬೇಡಿ. ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಇಲ್ಲಿನ ಜಮೀನು ಗೊತ್ತಿರುವ ವಕೀಲರನ್ನೇ ಹಿಡಿಯಿರಿ.

ನೀವು ತಡವಾಗಿ ಏಳುವವರಾದರೆ, ಮನೆಯಿಂದ ಸಂತೆಗೆ ನಡೆದು ಹೋಗಬೇಕು ಅನ್ನುವವರಾದರೆ, ವರ್ಷಕ್ಕೆ ಹತ್ತು ಸಲ ದೋಣಿ ಹತ್ತಿದರೆ ಸಾಕಾದರೆ, ಕುಶಾಲನಗರದಲ್ಲೇ ನೋಡಿ, ಆದರೆ ಎತ್ತರದ ಬೀದಿಯಲ್ಲಿ. ಹೊಳೆ ಕಾಣದಿದ್ದರೂ ಪರವಾಗಿಲ್ಲ. ಸೈಟಿನವರನ್ನು ಬಿಟ್ಟು ಪಕ್ಕದ ಮನೆಯ ಬೀರು ನೋಡಿ ಬನ್ನಿ. ದಿನಾ ನೀರಿಗಿಳಿಯಲೇಬೇಕು, ಕೈಯಲ್ಲಿರುವುದು ಐವತ್ತು ಲಕ್ಷ ಅನ್ನುವವರು ನಮ್ಮ ಕಡೆ ಬನ್ನಿ. ಹಳೇ ಚಪ್ಪಲಿ ತನ್ನಿ.

ಇವತ್ತು ಬೆಳಿಗ್ಗೆ ಪೇಪರಿನಲ್ಲಿ ಜಲಾಶಯದ ಮಟ್ಟ ನೋಡಿ ಹೊರಟೆ. 412 ಹೆಜ್ಜೆ. ಹಲಗೆ ಸರಿಸುವ ದಿನ ಬಂತು.