ಎನ್‌ಆರ್‌ಎ ಶ್ರೇಣಿ: ಮತದಾರನ ಕೈಗೆ ಸಿಗುವ ಈ ತಕ್ಕಡಿ ತೂಗುವುದು ಏನನ್ನು?

ಚುನಾವಣೆ ಹತ್ತಿರವಾದಾಗ ನನ್ನ ನೆರೆಮನೆಯ ಫ್ರಿಜ್ಜಿನ ಬಾಗಿಲಿಗೆ ಕಿತ್ತಳೆ ಬಣ್ಣದ ಕಾರ್ಡೊಂದು ಅಂಟಿಕೊಳ್ಳುತ್ತದೆ. ಬಂದೂಕು ಹೊಂದುವ ಹಕ್ಕಿನ ಪರ ನಿಂತಿರುವ ಅಮೆರಿಕದ ನ್ಯಾಷನಲ್ ರೈಫಲ್ ಅಸೋಸಿಯೇಷನ್ (ಎನ್‌ಆರ್‌ಎ) ತನ್ನ ಸದಸ್ಯರಿಗೆ ಅಂಚೆಯಲ್ಲಿ ಕಳಿಸುವ ಆ ಕಾರ್ಡಿನಲ್ಲಿ ಯಾರಿಗೆ ಮತ ಕೊಡಬೇಕೆಂಬ ಶಿಫಾರಸು ಇರುತ್ತದೆ. ಅದರ ಜೊತೆಗೆ ಸಂಸ್ಥೆಯ ರಾಜಕೀಯ ಘಟಕವು ಅಭ್ಯರ್ಥಿಗಳಿಗೆ ಎ ಪ್ಲಸ್‌ನಿಂದ (ಬಂದೂಕು ಹಕ್ಕಿನ ಕಟ್ಟಾ ಬೆಂಬಲಿಗ) ಎಫ್‌ವರೆಗೆ (ಕಟ್ಟಾ ವಿರೋಧಿ) ಶ್ರೇಣಿಯನ್ನೂ ಕೊಡುತ್ತದೆ. ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ಕೋವಿಗೆ ತೋಕ್‌ಪೂ ಹೂವು ಸಿಕ್ಕಿಸಿ ಕೈಮುಗಿಯುವ ಕೊಡಗಿನ ಮನೆಯಲ್ಲಿ ಬೆಳೆದ ನಾನು ಬಂದೂಕಿನ ಹೆಸರು ಕೇಳಿ ಬೆಚ್ಚುವವನಲ್ಲ. ಈಗ ಅಮೆರಿಕದ ಮತದಾರನಾಗಿ ನನಗೆ ಬೇಕಾದದ್ದು ಇಷ್ಟೇ: ಈ ವಿಷಯದಲ್ಲಿ ಮಾತು ಕೊಟ್ಟ ರಾಜಕಾರಣಿ ಅದನ್ನು ಉಳಿಸಿಕೊಂಡನೇ ಎಂಬುದು. ಆ ಕೆಲಸಕ್ಕೆ ಈ ಶ್ರೇಣಿ ಅರ್ಧ ಮಾತ್ರ ಒದಗುತ್ತದೆ.

ಮೊದಲು ಅದರ ಗುಣವನ್ನು ಹೇಳಬೇಕು. ಸದನದಲ್ಲಿ ಹಾಕಿದ ಮತವೇ ಇದರ ಮುಖ್ಯ ಆಧಾರವಾದ್ದರಿಂದ ಭಾಷಣದ ಬಣ್ಣ ಇಲ್ಲಿ ಬೇಗ ಬಯಲಾಗುತ್ತದೆ. ಮತದಾನದ ದಾಖಲೆಯೇ ಇಲ್ಲದ ಹೊಸಬರಿಗೆ, ಸಂಸ್ಥೆಯ ಪ್ರಶ್ನಾವಳಿಗೆ ಅವರು ಬರೆದ ಉತ್ತರ ಬಂದೂಕಿನ ಪರವಾಗಿದ್ದರೆ ಅದನ್ನಷ್ಟೇ ನೋಡಿ, ‘ಎಕ್ಯೂ’ ಎಂಬ ಬೇರೆ ಗುರುತು ಕೊಡುತ್ತಾರೆ. ಉತ್ತರಿಸಲು ಒಪ್ಪದವರ ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಬೀಳುತ್ತದೆ. ಬರೀ ಮಾತಿಗೂ ಮಾಡಿದ ಕೆಲಸಕ್ಕೂ ನಡುವೆ ಇಷ್ಟು ಸ್ಪಷ್ಟವಾಗಿ ಗೆರೆ ಎಳೆದಿರುವುದು ಮೆಚ್ಚತಕ್ಕದ್ದೇ.

ತೊಡಕಿರುವುದು ಶ್ರೇಣಿ ಕುಸಿಯುವಾಗ. ಕರ್ಸ್ಟನ್ ಗಿಲ್ಲಿಬ್ರಾಂಡ್ ನ್ಯೂಯಾರ್ಕ್ ರಾಜ್ಯದ ಉತ್ತರ ಭಾಗದ ಗ್ರಾಮೀಣ ಕ್ಷೇತ್ರವನ್ನು ಪ್ರತಿನಿಧಿಸುತ್ತಿದ್ದಾಗ ಎ ಪಡೆದವರು. 2009ರಲ್ಲಿ ಸೆನೆಟ್‌ಗೆ ನೇಮಕಗೊಂಡು, ನ್ಯೂಯಾರ್ಕ್ ನಗರದ ಮತದಾರರಿಗೂ ಉತ್ತರಿಸಬೇಕಾಗಿ ಬಂದ ಕೂಡಲೇ ಅವರ ನಿಲುವು ತಿರುಗಿತು, ಶ್ರೇಣಿ ಎಫ್‌ಗೆ ಇಳಿಯಿತು. ಹಿಂದಿನ ನಿಲುವಿನ ಬಗ್ಗೆ ತಮಗೆ ನಾಚಿಕೆಯಿದೆ ಎಂದು ಅವರೇ ಮುಂದೆ ಹೇಳಿಕೊಂಡರು. ವೆಸ್ಟ್ ವರ್ಜೀನಿಯಾದ ಸೆನೆಟರ್ ಆಗಿದ್ದ ಜೋ ಮ್ಯಾಂಚಿನ್ ಅವರ ಕಥೆ ಬೇರೆ. 2010ರ ಪ್ರಚಾರದ ಜಾಹೀರಾತಿನಲ್ಲಿ ಹವಾಮಾನ ಮಸೂದೆಯ ಪ್ರತಿಗೆ ರೈಫಲ್‌ನಿಂದ ಗುಂಡು ಹೊಡೆದ ಮನುಷ್ಯ ಅವರು. 2012ರ ಡಿಸೆಂಬರ್‌ನಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳೂ 6 ಮಂದಿ ಹಿರಿಯರೂ ಹತರಾದ ಮೇಲೆ, ಖರೀದಿದಾರರ ಹಿನ್ನೆಲೆ ತಪಾಸಣೆಯನ್ನು ವಿಸ್ತರಿಸುವ ತಿದ್ದುಪಡಿಯನ್ನು ರಿಪಬ್ಲಿಕನ್ ಪಕ್ಷದ ಪ್ಯಾಟ್ ಟೂಮಿ ಅವರೊಂದಿಗೆ ಸೇರಿ ತಂದರು. 2013ರ ಏಪ್ರಿಲ್‌ನಲ್ಲಿ ಅದಕ್ಕೆ 54 ಮತ ಬಿದ್ದವು, ಬೇಕಾಗಿದ್ದದ್ದು 60. ತಮ್ಮ ರಾಜ್ಯದ ಮತದಾರರ ಒಲವಿಗೆ ಎದುರಾಗಿ ಈಜಿದ ಮ್ಯಾಂಚಿನ್ 2018ರ ಹೊತ್ತಿಗೆ ಡಿ ದರ್ಜೆಗೆ ಬಂದರು. ಗಾಳಿ ಬಂದ ಕಡೆ ತೂರಿಕೊಂಡವರು, ಗಾಳಿಗೆ ಎದೆಯೊಡ್ಡಿದವರು, ಇಬ್ಬರದೂ ಈ ಪಟ್ಟಿಯಲ್ಲಿ ಬರೀ ಇಳಿಕೆ. ಕಾರಣಕ್ಕೆ ಇಲ್ಲಿ ಅಂಕಣವೇ ಇಲ್ಲ. (ಗಿಲ್ಲಿಬ್ರಾಂಡ್ ಅವರ ಮನಸ್ಸು ನಿಜವಾಗಿಯೂ ಬದಲಾಗಿರಬಹುದು; ಆದರೆ ಅದು ಬದಲಾದ ಮುಹೂರ್ತ ಮಾತ್ರ ತೀರಾ ಅನುಕೂಲದ್ದಾಗಿತ್ತು.)

ಇನ್ನೊಂದು ದೊಡ್ಡ ಕೊರತೆ ಹಳೆಯ ದಾಖಲೆಯದು. ಜಾಲತಾಣದಲ್ಲಿ ಹಿಂದೆ ಸಿಗುತ್ತಿದ್ದ ಹಳೆಯ ವರ್ಷಗಳ ಶ್ರೇಣಿಗಳನ್ನು ಸಂಸ್ಥೆ 2018ರಲ್ಲಿ ತೆಗೆದುಹಾಕಿತು. ನಿಷ್ಠೆಯನ್ನು ಅಳೆಯಬೇಕೆನ್ನುವವನಿಗೆ ಈ ವರ್ಷದ ಅಕ್ಷರಕ್ಕಿಂತ ಹತ್ತು ವರ್ಷದ ಹಿಂದಿನ ಅಕ್ಷರವೇ ಮುಖ್ಯ. ಎದುರು ಪಾಳಯದ ಎವರಿಟೌನ್ ಸಂಸ್ಥೆ ಆ ಹಳೆಯ ಪಟ್ಟಿಯನ್ನು ಮತ್ತೆ ಪ್ರಕಟಿಸಿದ್ದರಿಂದ ನಾನು ಹೋಲಿಸಿ ನೋಡುವಂತಾಯಿತು.

ತಕ್ಕಡಿ ಹಿಡಿದ ಕೈಯೂ ಎಲ್ಲರಿಗೂ ಒಂದೇ ಬಿಗಿಯಲ್ಲಿರುವುದಿಲ್ಲ. ಮ್ಯಾಂಚಿನ್ ತಂದದ್ದು ಸೋತುಹೋದ ಒಂದು ತಿದ್ದುಪಡಿ. ಡೊನಾಲ್ಡ್ ಟ್ರಂಪ್ ಅವರಾದರೋ 2018ರ ಫೆಬ್ರವರಿಯಲ್ಲಿ, ಅಪಾಯಕಾರಿ ವ್ಯಕ್ತಿಗಳ ಬಂದೂಕನ್ನು ಮೊದಲು ಕಿತ್ತುಕೊಂಡು ನ್ಯಾಯಾಲಯದ ಪ್ರಕ್ರಿಯೆಯನ್ನು ಆಮೇಲೆ ನೋಡಿಕೊಳ್ಳಬೇಕೆಂದು ಕ್ಯಾಮೆರಾಗಳ ಮುಂದೆಯೇ ಹೇಳಿದರು. ಅದೇ ವರ್ಷ ಅವರ ಸರ್ಕಾರ, ರೈಫಲ್‌ನಿಂದ ಒಂದೇ ಸಮನೆ ಗುಂಡು ಹಾರಿಸಲು ನೆರವಾಗುವ ಬಂಪ್ ಸ್ಟಾಕ್ ಸಾಧನವನ್ನು ನಿಷೇಧಿಸಿತು. ಆ ಸಾಧನಕ್ಕೆ ಹೆಚ್ಚಿನ ನಿಯಂತ್ರಣ ಬೇಕೆಂದು 2017ರಲ್ಲಿ ಸ್ವತಃ ಎನ್‌ಆರ್‌ಎಯೇ ಒಪ್ಪಿತ್ತೆಂಬುದು ನಿಜ, ಆದರೆ ನಿಷೇಧವನ್ನು ಅದು ಕೇಳಿರಲಿಲ್ಲ. 2024ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ 6-3ರ ತೀರ್ಪಿನಲ್ಲಿ ಆ ನಿಷೇಧವನ್ನು ರದ್ದುಮಾಡಿತು. ಅದಕ್ಕೆ ಒಂದು ತಿಂಗಳ ಹಿಂದೆಯಷ್ಟೇ ಡಲ್ಲಾಸ್ ಸಮಾವೇಶದಲ್ಲಿ ಎನ್‌ಆರ್‌ಎ ಮೂರನೆಯ ಬಾರಿಗೆ ಟ್ರಂಪ್ ಅವರಿಗೆ ಬೆಂಬಲ ಘೋಷಿಸಿತ್ತು.

ಐದಕ್ಕೆ ಎರಡೂವರೆ ಕೊಡುತ್ತೇನೆ. ಎಕ್ಯೂ ಕಂಡಲ್ಲಿ ಅದನ್ನು ಎ ಎಂದು ಓದಿಕೊಳ್ಳಬೇಡಿ; ಅಕ್ಷರ ಬದಲಾದ ವರ್ಷ ಸಿಕ್ಕರೆ, ಆ ವರ್ಷ ಆ ವ್ಯಕ್ತಿ ಕ್ಷೇತ್ರ ಬದಲಿಸಿದ್ದರೇ ಎಂಬುದನ್ನು ಮೊದಲು ನೋಡಿ.