ಬಳ್ಳಾರಿಯ ಹೃದ್ರೋಗಿಗಳ ವ್ಯಾಯಾಮ ತರಗತಿ: ಮೈಗೆ ಚೆನ್ನ, ಮನಸ್ಸಿಗೆ ಅರ್ಧ

ಹೃದಯಾಘಾತ, ಸ್ಟೆಂಟ್ ಅಥವಾ ಬೈಪಾಸ್ ಆದವರಿಗೆಂದೇ ಬಳ್ಳಾರಿಯ ಖಾಸಗಿ ಫಿಸಿಯೊಥೆರಪಿ ಕೇಂದ್ರವೊಂದು ನಡೆಸುವ ತರಗತಿ ಇದು. ಮೊದಲು ಮೆಚ್ಚಬೇಕಾದ್ದು ಆರಂಭದ ತಪಾಸಣೆ. ಬಿಪಿ ನೋಡದೆ, 6 ನಿಮಿಷದ ನಡಿಗೆ ಪರೀಕ್ಷೆ ಮಾಡದೆ ಯಾರನ್ನೂ ಟ್ರೆಡ್‌ಮಿಲ್ ಹತ್ತಿಸುವುದಿಲ್ಲ. 10 ನಿಮಿಷ ಮೈ ಬಿಸಿ ಮಾಡಿಕೊಳ್ಳುವುದು, 20 ನಿಮಿಷ ನಡಿಗೆ ಇಲ್ಲವೇ ಸೈಕಲ್, ಆಮೇಲೆ 10 ನಿಮಿಷ ನಿಧಾನಕ್ಕೆ ವೇಗ ಇಳಿಸುವುದು. ಈ ಕೊನೆಯದನ್ನು ಬಿಟ್ಟು ಥಟ್ಟನೆ ನಿಂತರೆ ರಕ್ತ ಕಾಲಲ್ಲೇ ಉಳಿದು ಬಿಪಿ ಕುಸಿಯುತ್ತದೆ, ತಲೆ ಸುತ್ತುತ್ತದೆ.

ಶ್ರಮವನ್ನು ನಾಡಿಯಿಂದಷ್ಟೇ ಅಳೆಯದಿರುವುದೂ ಸರಿಯೇ. ನಾಡಿ ನಿಧಾನಿಸುವ ಮೆಟೊಪ್ರೊಲಾಲ್‌ನಂಥ ಮಾತ್ರೆ ನುಂಗುವವರಿಗೆ ಎಷ್ಟು ದಣಿದರೂ ನಾಡಿ ಅಷ್ಟಾಗಿ ಏರದು. ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು: ಇದೇ ಇಲ್ಲಿನ ಅಳತೆ. ಎದೆ ಬಿಗಿಯಿತೆಂದರೆ ಕೂಡಲೇ ನಿಲ್ಲಿಸಿ ಕೂರಿಸುತ್ತಾರೆ.

ಕೊರತೆ ಇರುವುದು ಮನಸ್ಸಿನ ಕಡೆ. ಹೃದಯಾಘಾತವಾದ ಐವರಲ್ಲಿ ಸುಮಾರು ಒಬ್ಬರಿಗೆ ಖಿನ್ನತೆ ಕಾಡುತ್ತದೆ. ಅಂಥವರು ಮಾತ್ರೆ, ನಡಿಗೆ ಎರಡನ್ನೂ ಬಿಡುವುದು ಹೆಚ್ಚು. ಗುಂಪಿನಲ್ಲಿ ನಡೆದಾಗ ಏದುಸಿರೆಲ್ಲ ಹಾರ್ಟ್ ಅಟ್ಯಾಕ್ ಅಲ್ಲವೆಂಬ ಧೈರ್ಯ ಬರುವುದು ನಿಜ, ಆದರೆ ಅಷ್ಟೇ ಸಾಲದು. ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯ ಒಂಬತ್ತು ಪ್ರಶ್ನೆ ಕೇಳಲು ಐದು ನಿಮಿಷ ಸಾಕು. 10 ಅಥವಾ ಹೆಚ್ಚು ಅಂಕ ಬಂದವರನ್ನು ವೈದ್ಯರ ಬಳಿ ಕಳಿಸಬೇಕು. ಇಲ್ಲಿ ಕೇಳುವುದೇ ಇಲ್ಲ! ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನಾದರೂ ಗೋಡೆಗೆ ಅಂಟಿಸಲಿ.

ಬೇಸಿಗೆಯಲ್ಲಿ ಹತ್ತು ಗಂಟೆಯ ಬ್ಯಾಚ್ ಬೇಡವೇ ಬೇಡ. ಮೂತ್ರ ಹೆಚ್ಚಿಸುವ ಮಾತ್ರೆ ತಗೊಳ್ಳುವವರಿಗೆ ನಮ್ಮೂರ ಬಿಸಿಲಲ್ಲಿ ಬಂದುಹೋಗುವುದೇ ಅಪಾಯ. ಆರು ಗಂಟೆಯದನ್ನೇ ಕೇಳಿ ಪಡೆಯಿರಿ.