ಜಾರ್ಜ್, ಮಗೂ, ಗ್ಯಾಜೆಟ್: ಬೀಳೋದು ಯಾರಿಗೆ ಗೊತ್ತು?

ಕಾರ್ಟೂನಿನಲ್ಲಿ ಬೀಳುವುದು ಸುಲಭ. ಬೆಟ್ಟದಿಂದ ಬಿದ್ದವನು ಅಪ್ಪಚ್ಚಿಯಾಗುತ್ತಾನೆ, ಮರುಕ್ಷಣವೇ ಎದ್ದು ಓಡುತ್ತಾನೆ. ಅದೇ ಕೈಕಾಲಿರುವ ನಟ ಬಿದ್ದರೆ ನಗುವಿಗಿಂತ ಮೊದಲು ‘ಅಯ್ಯೋ’ ಅನ್ನೋದು ಬಾಯಿಗೆ ಬರುತ್ತದೆ. ಹಳೆಯ ಕಾರ್ಟೂನನ್ನು ಸಿನಿಮಾ ಮಾಡಿದವರು ಆ ‘ಅಯ್ಯೋ’ವನ್ನು ಹೇಗೆ ದಾಟಿದ್ದಾರೆ ನೋಡೋಣ ಅಂತ ಮೂರು ರಾತ್ರಿ ಮೂರು ಸಿನಿಮಾ ಹಾಕಿದೆ. ಜೊತೆಗೆ ಅಕ್ಕನ ಮಗ, 9 ವರ್ಷದವನು. ಪ್ರತಿ ಸಲವೂ ಮೊದಲು ಮೂಲ ಕಾರ್ಟೂನಿನ ಒಂದೆರಡು ಕಂತು, ಆಮೇಲೆ ಸಿನಿಮಾ.

ಮೊದಲ ರಾತ್ರಿ ‘ಜಾರ್ಜ್ ಆಫ್ ದ ಜಂಗಲ್’ (1997). ಜೇ ವಾರ್ಡ್ ಅವರ 1967ರ ಕಾರ್ಟೂನ್ ಬಂದಿದ್ದೇ 17 ಕಂತು. ಅದರ ಮುಖ್ಯ ತಮಾಷೆಯೂ ಒಂದೇ: ಬಳ್ಳಿ ಹಿಡಿದು ಜೀಕುತ್ತಾ ಬರುವ ಜಾರ್ಜ್ ಮರಕ್ಕೆ ಡಿಕ್ಕಿ ಹೊಡೆಯುತ್ತಾನೆ. ಇಷ್ಟೇ ಇಟ್ಟುಕೊಂಡು ಇಡೀ ಸಿನಿಮಾ ಮಾಡೋದು ಹೇಗೆ ಅಂದುಕೊಂಡಿದ್ದೆ. ಜಾರ್ಜ್ ಆಗಿರುವ ಬ್ರೆಂಡನ್ ಫ್ರೇಸರ್ ಮುಖ ನೋಡಿದ ಮೇಲೆ ಅನುಮಾನ ಹೋಯಿತು. ಆತ ‘ನಾನು ಜೋಕ್ ಮಾಡ್ತಿದೀನಿ’ ಅಂತ ಒಂದು ಸಲವೂ ತೋರಿಸಿಕೊಳ್ಳುವುದಿಲ್ಲ. ಡಿಕ್ಕಿ ಹೊಡೆಯುವ ಹಿಂದಿನ ಕ್ಷಣದವರೆಗೂ ಮುಖದಲ್ಲಿ ಪೂರ್ತಿ ಧೈರ್ಯ. ಮರ ಬರುತ್ತಿದೆ ಅಂತ ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ನಗು ಇರುವುದು ಅಲ್ಲೇ.

ಇನ್ನೊಂದು ಜಾಣತನ ಕಥೆ ಹೇಳುವ ದನಿಯದ್ದು. ಹಗ್ಗದ ಸೇತುವೆಯಿಂದ ಒಬ್ಬ ಪ್ರಪಾತಕ್ಕೆ ಬೀಳುತ್ತಾನೆ. ಹೆದರಬೇಡಿ, ಈ ಕಥೆಯಲ್ಲಿ ಯಾರೂ ಸಾಯುವುದಿಲ್ಲ ಅಂತ ಆ ದನಿ ತಕ್ಷಣ ಸಮಾಧಾನ ಹೇಳುತ್ತದೆ. ‘ಅಯ್ಯೋ’ ಅಲ್ಲಿಗೆ ಮುಗಿಯಿತು, ಇನ್ನು ಯಾರು ಬಿದ್ದರೂ ಧಾರಾಳವಾಗಿ ನಗಬಹುದು. ಮುಂದೆ ಅದೇ ದನಿ ಖಳರ ಜೊತೆ ಜಗಳಕ್ಕೂ ನಿಲ್ಲುತ್ತದೆ! ಇನ್ನು ನಾಯಿಯ ಥರ ಆಡುವ ಆನೆ, ಜಾನ್ ಕ್ಲೀಸ್ ದನಿಯಲ್ಲಿ ಗಂಭೀರವಾಗಿ ಮಾತಾಡುವ ಗೊರಿಲ್ಲಾ. ಕಥೆ ಸ್ಯಾನ್ ಫ್ರಾನ್ಸಿಸ್ಕೋಗೆ ಹೋದ ಮೇಲೆ ಸ್ವಲ್ಪ ಸಡಿಲ. ಅಲ್ಲಿ ನಾನು ಎರಡು ಸಲ ಫೋನ್ ನೋಡಿದೆ.

‘ಮಿಸ್ಟರ್ ಮಗೂ’ ಕೂಡ 1997ರದ್ದೇ. ಕಣ್ಣು ಸರಿಯಾಗಿ ಕಾಣದ ಮುದುಕ ಮಗೂ ಒಂದನ್ನು ಇನ್ನೊಂದು ಅಂದುಕೊಳ್ಳುವುದೇ ಇದರ ತಮಾಷೆ. ನನಗೆ ಜಾಸ್ತಿ ಬೇಜಾರಾಗಿದ್ದು ಇದೇ, ಯಾಕೆಂದರೆ ಲೆಸ್ಲಿ ನೀಲ್ಸನ್ ಇದ್ದಾರೆ ಅಂತ ಆಸೆ ಇಟ್ಟುಕೊಂಡಿದ್ದೆ. ಸುತ್ತ ಲೋಕವೇ ತಲೆಕೆಳಗಾದರೂ ಗಂಭೀರವಾಗಿ ನಿಲ್ಲುವುದು ಅವರ ದೊಡ್ಡ ಶಕ್ತಿ. ಇಲ್ಲಿ ಅವರಿಗೆ ಕಣ್ಣು ಕಿರಿದು ಮಾಡಿಸಿ, ಕಾರ್ಟೂನಿನ ಮಗೂಗೆ ದನಿ ಕೊಟ್ಟ ಜಿಮ್ ಬ್ಯಾಕಸ್ ಅವರ ಅನುಕರಣೆ ಮಾಡಿಸಿದ್ದಾರೆ. ಮೀನನ್ನು ಮರ ಹತ್ತಿಸಿದ ಹಾಗೆ. 1949ರ ಮೊದಲ ಕಾರ್ಟೂನಿನಲ್ಲಿ ಮಗೂ ಕರಡಿಯನ್ನೇ ತನ್ನ ಸೋದರಳಿಯ ಅಂದುಕೊಳ್ಳುತ್ತಾನೆ. ಗೆರೆಯಲ್ಲಿ ಬರೆದ ಲೋಕದಲ್ಲಿ ಆ ತಪ್ಪು ಸಹಜ ಅನಿಸುತ್ತದೆ. ನಿಜವಾದ ಬೀದಿಯಲ್ಲಿ, ನಿಜವಾದ ಕಾರುಗಳ ನಡುವೆ ಮುದುಕನೊಬ್ಬ ಕಣ್ಣು ಕಾಣದೆ ಓಡಾಡಿದರೆ ನಗು ಬರಲ್ಲ, ಭಯ ಆಗುತ್ತದೆ. ಅಮೆರಿಕದ ಅಂಧರ ಸಂಘಟನೆಯೊಂದು ಆಗ ಇದನ್ನು ವಿರೋಧಿಸಿತ್ತು. ಇದು ದೃಷ್ಟಿದೋಷದ ನಿಜವಾದ ಚಿತ್ರಣವಲ್ಲ ಅಂತ ಸಿನಿಮಾದ ಕೊನೆಯಲ್ಲಿ ಬರೆದು ಹಾಕಿದ್ದಾರೆ. ಜೋಕಿಗೆ ವಿವರಣೆ ಬೇಕಾಯಿತು ಅಂದ್ರೆ ಅದು ಸೋತ ಹಾಗೇ ಅಲ್ವಾ?

‘ಇನ್‌ಸ್ಪೆಕ್ಟರ್ ಗ್ಯಾಜೆಟ್’ (1999) ಬಗ್ಗೆ ಹೇಳುವುದು ಕಡಿಮೆ. 1983ರ ಕಾರ್ಟೂನಿನ ಗಮ್ಮತ್ತೇ ಬೇರೆ. ಅಲ್ಲಿ ಮೈತುಂಬ ಯಂತ್ರಗಳಿರುವ ಇನ್‌ಸ್ಪೆಕ್ಟರ್ ಪೆದ್ದ. ಕೇಸ್ ಬಿಡಿಸುವುದು ಪುಟ್ಟ ಹುಡುಗಿ ಪೆನ್ನಿ ಮತ್ತು ಅವಳ ನಾಯಿ. ಸಿನಿಮಾದಲ್ಲಿ ಅವನನ್ನೇ ಹೀರೋ ಮಾಡಿ ಪೆನ್ನಿಯನ್ನು ಮೂಲೆಗೆ ತಳ್ಳಿದ್ದಾರೆ. ಕಾರ್ಟೂನಿನಲ್ಲಿ ಖಳ ಕ್ಲಾ ಅಂದ್ರೆ ಬರೀ ಒಂದು ಕೈ, ಒಂದು ದನಿ. ಇಲ್ಲಿ ಮುಖವನ್ನೂ ತೋರಿಸಿ ಆ ಗುಟ್ಟನ್ನು ಹಾಳು ಮಾಡಿದ್ದಾರೆ. ಗ್ಯಾಜೆಟ್‌ನ ಕೈಕಾಲು ಕಂಪ್ಯೂಟರಿನಲ್ಲಿ ಉದ್ದವಾಗುತ್ತವೆ, ಆದರೆ ಮೈಗೆ ತೂಕವೇ ಇಲ್ಲ. ಬಿದ್ದರೂ ಬಿದ್ದ ಹಾಗಿಲ್ಲ.

ಒಳ್ಳೆಯ ನಟ ಸಿಕ್ಕರೆ ಸಾಕು ಅನ್ನಲೂ ಧೈರ್ಯವಿಲ್ಲ. ಫ್ರೇಸರ್ 1999ರಲ್ಲಿ ಜೇ ವಾರ್ಡ್ ಅವರದ್ದೇ ಇನ್ನೊಂದು ಕಾರ್ಟೂನಿನ ‘ಡಡ್ಲಿ ಡೂ-ರೈಟ್’ ಮಾಡಿದರು. ಹಿಂದೆ ನೋಡಿದ್ದೆ, ಸಪ್ಪೆ.

ಅಳಿಯನ ಓಟು ಮಾತ್ರ ಗ್ಯಾಜೆಟ್‌ಗೆ. ಮಾತಾಡುವ ಕಾರು ಇದೆಯಲ್ಲ, ಅದಕ್ಕೆ. ನಾನು ವಾದ ಮಾಡಲಿಲ್ಲ. ನಾಲ್ಕನೇ ರಾತ್ರಿ ಯಾವುದು ಹಾಕಲಿ ಅಂತ ಕೇಳಿದೆ. ‘ಗ್ಯಾಜೆಟ್ ಬೇಡ ಮಾವ, ಅದು ನೋಡಾಯ್ತಲ್ಲ. ಆ ಮರಕ್ಕೆ ಗುದ್ದೋದು ಹಾಕು’ ಅಂದ.